ನಾನು ‘ಬಿಳೇದು’ ಎಂದು ಓದಿದ ಪದ

ಅತ್ತೆಮ್ಮನವರ ಪಾದಕ್ಕೆ, ಹಚ್ಚೊಳ್ಳಿಯ ಮನೆಗೆ ಹಿರಿಯ ಸೊಸೆಯಾಗಿ ಬಂದ ಗಿರಿಜೆಯ ನಮಸ್ಕಾರ.

ಅಂಚೆಯವನು ತಂದ ಕಾಗದಗಳನ್ನು ನಾನು ನಿಮಗೆ ಓದಿ ಹೇಳುತ್ತಿದ್ದುದು ನೆನಪಿದೆಯೇ? ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಪೂರ್ತಿ ಕೇಳುತ್ತಿದ್ದಿರಿ. ಮುಗಿದ ಮೇಲೆ “ಇನ್ನೊಂದ್ ಸಲ ಓದು” ಎನ್ನುತ್ತಿದ್ದಿರಿ. ಅರ್ಥವಾಗಿಲ್ಲವೆಂದಲ್ಲ. ಎರಡನೆಯ ಸಲ ನನ್ನ ಬಾಯಿಂದ ಬೇರೆ ಮಾತು ಬರುತ್ತದೆಯೋ ಎಂದು ನೋಡುವುದಕ್ಕೆ. ಹತ್ತನೇ ತರಗತಿ ಪಾಸಾದ ಸೊಸೆ ಎಂದು ಊರ ಮುಂದೆ ಹೇಳಿಕೊಳ್ಳುತ್ತಿದ್ದಿರಿ, ಮನೆಯೊಳಗೆ ಮಾತ್ರ ಆ ಓದನ್ನೇ ಅನುಮಾನಿಸುತ್ತಿದ್ದಿರಿ. ಆಗ ನನಗೆ ಮೈ ಉರಿಯುತ್ತಿತ್ತು. ಈಗ ನನಗೂ ಅದೇ ಬುದ್ಧಿ ಬಂದಿದೆ. ಅದರಿಂದ ಈ ಮನೆಯಲ್ಲಿ ಒಬ್ಬಳಿಗೆ ಅನ್ಯಾಯವಾಗುವುದಿತ್ತು. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಮದುವೆಯಾಗಿ ಬಂದ ಮೂರನೆಯ ದಿನ ಒಲೆಯ ಮೇಲಿನ ಪಾತ್ರೆ ಉಕ್ಕುತ್ತಿತ್ತು. ಕೊಟ್ಟಿಗೆಯ ಕಡೆ ಮುಖ ಮಾಡಿ “ಅತ್ತೆಮ್ಮಾ, ಹಾಲು ಉಕ್ಕಾಕತ್ತೈತ್ರಿ” ಎಂದು ಕೂಗಿದೆ. ನೀವು ಬಂದಿರಿ. ಒಲೆಯ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ.

“ನಿಮ್ಮ ಮಾವನ ಹೆಸರೇನು?”

ಹಾಲಪ್ಪ ಎನ್ನಲು ಬಾಯಿ ತೆರೆದೆ. ನಿಮ್ಮ ಕೈ ಮೇಲೆದ್ದಿತು. ತೆರೆದ ಬಾಯಿ ಹಾಗೇ ಮುಚ್ಚಿದೆ.

“ತಿಳೀತಲ್ಲ? ಹಿರೇರ ಹೆಸರು ಸೊಸಿ ಬಾಯಾಗ ಬರಬಾರದು. ಅರ್ಧಾನೂ ಬರಬಾರದು. ಈ ಮನ್ಯಾಗ ಅದಕ್ಕ ಬಿಳೇದು ಅಂತೀವಿ.”

“ಚೆಲ್ಲಾಕತ್ತೈತ್ರಿ ಅತ್ತೆಮ್ಮ.”

“ಚೆಲ್ಲಲಿ. ಏನು ಚೆಲ್ಲಾಕತ್ತೈತಿ, ಹೇಳು.”

“ಬಿಳೇದು.”

ಆಗ ಪಾತ್ರೆ ಇಳಿಸಿದಿರಿ.

ಅಂದಿನಿಂದ ನಾನು ಕಾಸಿದ್ದು ಬಿಳೇದು, ಹೆಪ್ಪು ಹಾಕಿದ್ದು ಬಿಳೇದು, ಮಕ್ಕಳಿಗೆ ಕುಡಿಸಿದ್ದೂ ಬಿಳೇದು. ಮಾವನವರು ಹೋದ ಮೇಲೂ ನೀವು ಬಿಡಲಿಲ್ಲ, ನಾನೂ ಬಿಡಲಿಲ್ಲ. ಬಳ್ಳಾರಿಗೆ ಬಂದು ಗಾಂಧಿನಗರದಲ್ಲಿ ಮನೆ ಮಾಡಿದ ಮೇಲೆ ಅಂಗಡಿಗೆ ಹೋಗಿ “ಬಿಳೇದು ಒಂದ್ ಪಾಕೀಟು ಕೊಡಪ್ಪ” ಎಂದರೆ ಅಂಗಡಿಯವನು ಸುಣ್ಣದ ಪೊಟ್ಟಣ ತೆಗೆದಿಟ್ಟಿದ್ದ. ಈಗ ಅವನಿಗೂ ರೂಢಿಯಾಗಿದೆ. ಮೇಲೆ ಆ ಪದವನ್ನೂ ಮಾವನವರ ಹೆಸರನ್ನೂ ಬರೆದಿದ್ದೇನೆಂದು ಸಿಟ್ಟಾಗಬೇಡಿ. ನೀವು ಕಟ್ಟು ಹಾಕಿದ್ದು ಬಾಯಿಗೆ. ಕೈಗೆ ಹಾಕಲಿಲ್ಲ. ಅಕ್ಷರ ಬಾರದ ನಿಮಗೆ ಅದು ಹೊಳೆದಿರಲೂ ಇಲ್ಲ.

ನಿಮ್ಮ ಮೊಮ್ಮಗ ವಿರೂಪಾಕ್ಷಿಯ ಮದುವೆಯನ್ನು ನೀವು ನೋಡಲಿಲ್ಲ. ಹುಡುಗಿ ಮೋಕದವಳು, ಹೆಸರು ಸುಧಾ, ಕನ್ನಡದಲ್ಲಿ ಎಂ.ಎ. ಮಾಡಿದವಳು. ತವರಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಉರ್ದುವನ್ನೂ ತಡವರಿಸದೆ ಆಡುತ್ತಾಳೆ. ಹೀಗೆ ಮೂರು ಮಾತು ಬರುವವರೇ ಬೇಕೆಂದು ದೂರದ ಊರಿನ ಸಂಶೋಧನೆಯವರು ಅವಳನ್ನು ಕೆಲಸಕ್ಕೆ ತೆಗೆದುಕೊಂಡರು. ಅವರು ಕಂಪ್ಯೂಟರಿಗೆ ಮಾತಿನ ಭಾರ ಕಲಿಸುತ್ತಿದ್ದಾರಂತೆ. ಅವಳು ಇದನ್ನು ಮೊದಲ ಸಲ ಹೇಳಿದಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೈ ನಿಲ್ಲಿಸಿ ಮುಖ ನೋಡಿದೆ.

“ಮಾತಿಗೆ ಎಂಥ ಭಾರ?”

“ಒಂದ್ ಪದ ಹೇಳುವಾಗ ಅದರಾಗ ಯಾವುದೋ ಒಂದ್ ತುಣುಕಿನ ಮ್ಯಾಲೆ ದನಿ ಜಾಸ್ತಿ ಊರತೀವಲ್ರೀ ಅತ್ತಿ, ಅದು. ನಮ್ಮ ಮಾತಿನಾಗ ಹೆಚ್ಚಾಗಿ ಮೊದಲನೇದರ ಮ್ಯಾಲೆ ಊರತೀವಂತ. ಕೆಲವು ದೇಶದಾಗ ಕಡೀದರ ಮ್ಯಾಲೆ, ಇನ್ನ ಕೆಲವು ಕಡಿ ಕಡೀದರ ಹಿಂದಿನದರ ಮ್ಯಾಲೆ.”

“ಅದನ್ನ ಕಂಪ್ಯೂಟರಿಗೆ ನೀ ಹೇಳಿಕೊಡ್ತೀಯೇನು?”

“ಇಲ್ರೀ. ನೇಮ ಯಾರೂ ಹೇಳಿಕೊಡಂಗಿಲ್ಲ. ಬರೇ ಪದ ಕೇಳಸ್ತಾರ. ಬಾಳ ಮಂದಿ ಬಾಯಿಂದ, ಬಾಳ ಭಾಷಿಯೊಳಗ. ಕೇಳಿ ಕೇಳಿ ನೇಮ ಅದ ಹುಡುಕ್ಕೊಂತೈತಿ. ತಪ್ಪು ಊಹೆ ಮಾಡಿದ್ರ ತಿದ್ದಿಕೊಂಡು ಮತ್ತ ಊಹೆ ಮಾಡ್ತೈತಿ.”

“ಹುಡುಕ್ಕೊಂಡು ಏನ್ ಮಾಡ್ತೈತಿ?”

“ಮನಿಷ್ಯಾರಂಗ ಮಾತಾಡ್ತೈತ್ರಿ.”

“ಯಾರ ಮನ್ಯಾಗ?”

ಅವಳು ನಕ್ಕಳು. ನಾನು ನಗಲಿಲ್ಲ. ನೀವಿದ್ದರೆ ನೀವೂ ನಗುತ್ತಿರಲಿಲ್ಲ.

ಸಿರುಗುಪ್ಪದ ಹೈಸ್ಕೂಲಿನಲ್ಲಿ ಪದ್ಯದ ಸಾಲಿಗೆ ಲಘು ಗುರು ಹಾಕಿ ಕಲಿತವಳು ನಾನು. ಗುರು ತಪ್ಪಿದರೆ ಮೇಷ್ಟ್ರು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಮಾತನ್ನು ತೂಗುವುದು ನನಗೆ ಹೊಸದಲ್ಲ. ಆದರೆ ಮೇಷ್ಟ್ರು ಗಂಟೆ ಹೊಡೆದ ಮೇಲೆ ನಮ್ಮ ದನಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿರಲಿಲ್ಲ. ಇವರು ಒಯ್ಯುತ್ತಾರೆ. ಎಲ್ಲಿಗೆ? ಯಾರ ಪೆಟ್ಟಿಗೆಯಲ್ಲಿ ಇಡುತ್ತಾರೆ? ನಾನು ಸತ್ತ ಮೇಲೆ ನನ್ನ ದನಿ ಯಾರದೋ ಮನೆಯಲ್ಲಿ ಕೂತು ಯಾರಿಗೋ ಬುದ್ಧಿ ಹೇಳುತ್ತಿದ್ದರೆ? ಪಕ್ಕದ ಬೀದಿಯ ಒಬ್ಬಾಕೆಗೆ ಫೋನಿನಲ್ಲಿ ಮಗನದೇ ದನಿಯಲ್ಲಿ ಯಾರೋ ಮಾತಾಡಿದರಂತೆ. ಮಗ ಆ ಹೊತ್ತಿನಲ್ಲಿ ಒಳಗಿನ ಕೋಣೆಯಲ್ಲಿ ಊಟ ಮಾಡುತ್ತಿದ್ದನಂತೆ. ಇಂಥದ್ದನ್ನು ಕೇಳಿದ ಮೇಲೂ...

ಅವಳು ನನ್ನ ದನಿಯನ್ನೂ ಕೇಳಿದಳು. ಆಗುವುದಿಲ್ಲ ಎಂದೆ. “ಮನಿಯವರ ಕೊಡಲಿಲ್ಲಂದ್ರ ಊರವರು ಹೆಂಗ ಕೊಡ್ತಾರ್ರಿ?” ಎಂದಳು. ಮಾತು ನ್ಯಾಯವಾಗಿತ್ತು, ಅದಕ್ಕೇ ಸಿಟ್ಟು ಬಂತು. ಬಾಗಿಲು ತೆಗೆದೇ ಇರಬೇಕು, ಮೈಕನ್ನು ನನ್ನ ಕಣ್ಣೆದುರೇ ಹಾಕಿ ನನ್ನ ಕಣ್ಣೆದುರೇ ಆರಿಸಬೇಕು, ಹಾಳೆ ನನ್ನ ಕೈಯಲ್ಲೇ ಇರಬೇಕು ಎಂದು ಕರಾರು ಮಾಡಿ ಕೂತೆ. ಮೂರು ಹಾಳೆ ತುಂಬ ಪದಗಳು. ಮನೆ, ನೀರು, ಕೊಡಲಿ, ಅಂಗಳ. ಚಿಕ್ಕ ಮಕ್ಕಳ ಪುಸ್ತಕದ ಹಾಗೆ. ತಲೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಒಂದೂ ಬಿಡದೆ ಓದಿದೆ. “ಬಾಳ ಚಂದ ಓದಿದ್ರಿ ಅತ್ತಿ” ಎಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವಳು ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಮೈಯೆಲ್ಲ ಧೂಳು ಮಾಡಿಕೊಂಡು ಬರುವುದು ಶುರುವಾಯಿತು. ಒಂದು ದಿನ ಕುರುಗೋಡು, ಇನ್ನೊಂದು ದಿನ ಸಿರುಗುಪ್ಪ. ಮನೆ ಮನೆಗೆ ಹೋಗಿ ಹೆಂಗಸರ ಮುಂದೆ ಮೈಕು ಹಿಡಿಯುತ್ತೇನೆ ಎನ್ನುತ್ತಿದ್ದಳು. ಸೊಸೆ ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರುವವಳೇ ನಾನು? ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಚೀಲ ತೆಗೆದು ನೋಡಿದೆ. ಈಗ ಹೆಂಗಸರು ಸರಕಾರಿ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ, ಬರೀ ಚೀಟಿ ಕೊಡುತ್ತಾರೆ. ಇದು ನಿಮಗೆ ಗೊತ್ತಿಲ್ಲದ ಸುದ್ದಿ. ಆ ಚೀಟಿಗಳಿದ್ದವು. ಊರು ಸರಿಯಿತ್ತು, ತಾರೀಖೂ ಸರಿಯಿತ್ತು. ಎಲ್ಲವನ್ನೂ ಇದ್ದ ಹಾಗೇ ಮಡಿಸಿಟ್ಟೆ. ಸಮಾಧಾನ ಮಾತ್ರ ಆಗಲಿಲ್ಲ. ಚೀಟಿ ಇದ್ದರೆ ಬಸ್ಸು ಹತ್ತಿದಳು ಎಂದಷ್ಟೇ. ಇಳಿದು ಎಲ್ಲಿಗೆ ಹೋದಳು ಎಂದು ಚೀಟಿ ಹೇಳುತ್ತದೆಯೇ?

ಹೋದ ತಿಂಗಳು ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಕೈಯೆಲ್ಲ ಹಿಟ್ಟು, ಅದಕ್ಕೆ ಸ್ಪೀಕರಿಗೆ ಹಾಕಿದಳು. ಕೆಲಸ ಕೊಟ್ಟ ಆ ಸಾರ್ ಮಾತಾಡುತ್ತಿದ್ದರು.

“ನೋಡಿ ಸುಧಾ, ನೀವು ಕಳಿಸಿರೋ ಹೆಂಗಸರ ರೆಕಾರ್ಡಿಂಗ್‌ನಲ್ಲಿ ಏನೋ ಎಡವಟ್ಟಿದೆ. ಗಂಡಸರದು ಸರಿಯಾಗಿದೆ. ಹೆಂಗಸರು ಎಲ್ಲಾ ಪದಗಳನ್ನೂ ನೆಟ್ಟಗೆ ಓದಿಕೊಂಡು ಹೋಗ್ತಾರೆ, ಯಾವುದೋ ಒಂದು ಪದಕ್ಕೆ ಬಂದಾಗ ದನಿ ಕುಸಿಯುತ್ತೆ. ಇಲ್ಲಾ ಬೇರೆಯದನ್ನೇ ಹೇಳ್ತಾರೆ. ಒಬ್ಬೊಬ್ಬರದು ಒಂದೊಂದು ಪದ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೀಗೇ. ಆ ಪದಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಕಂಪ್ಯೂಟರ್ ನಿಯಮ ಹುಡುಕಿ ಹುಡುಕಿ ಸೋತಿದೆ. ನೇರವಾಗಿ ಕೇಳ್ತೀನಿ, ಬೇಜಾರಾಗಬೇಡಿ. ಮನೇಲೇ ಕೂತು ಯಾರ ಹತ್ತಿರವೋ ಓದಿಸಿ ಬೇರೆ ಬೇರೆ ಹೆಸರು ಹಾಕಿದ್ದೀರಾ?”

“ಇಲ್ಲ ಸರ್. ಎಲ್ಲಾರ ಮನಿಗೂ ಹೋಗೀನಿ.”

“ಹಾಗಾದರೆ ಇದು ಹೇಗೆ ಬಂತು?”

“ಗೊತ್ತಾಗವಲ್ದು ಸರ್.”

ವಾರದೊಳಗೆ ಕಾರಣ ಹೇಳಬೇಕು, ಇಲ್ಲವಾದರೆ ಕೆಲಸದಿಂದ ತೆಗೆದು, ಸುಳ್ಳು ರೆಕಾರ್ಡಿಂಗ್ ಮಾಡಿದವಳು ಎಂದು ಬರೆದಿಡುತ್ತೇವೆ ಎಂದರು. ಹಾಗೆ ಬರೆದಿಟ್ಟರೆ ಮುಂದೆ ಯಾವ ಕಾಲೇಜಿನವರೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಓದಿದ ಹೆಣ್ಣಿಗೆ ಕಳ್ಳಿ ಎಂಬ ಹೆಸರು ಬಂದರೆ ಅದು ಒಗೆದರೆ ಹೋಗುವ ಕಲೆಯೇ?

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಫೋನು ಇಟ್ಟದ್ದೇ ನಾನು ಕೇಳಿದ ಮೊದಲ ಮಾತು: “ಖರೆ ಹೇಳು. ಹೋಗಿದ್ದೋ ಇಲ್ಲೋ?”

ಕಂಡರಿಯದ ಯಾರೋ ಫೋನಿನಲ್ಲಿ ಆಡಿದ ಮಾತನ್ನು ನಂಬಿದೆ. ಎರಡು ವರ್ಷ ನನ್ನ ಕಣ್ಣೆದುರು ಉಂಡು ಓಡಾಡಿದವಳನ್ನು ನಂಬಲಿಲ್ಲ. ಸುಧಾ ಹಿಟ್ಟಿನ ಕೈ ತೊಳೆದುಕೊಂಡು ಹೋಗಿ ಚೀಲ ತಂದಳು. ನನ್ನ ಕಾಲ ಹತ್ತಿರ ಬೋರಲು ಹಾಕಿದಳು. ಚೀಟಿಗಳು, ನೀರಿನ ಬಾಟಲಿ, ಹೆಂಗಸರ ಸಹಿ ಇದ್ದ ಹಾಳೆಗಳು, ಒಂದು ಅರ್ಧ ತಿಂದ ಶೇಂಗಾ ಚಿಕ್ಕಿ.

“ಒಂದ್ ಸಲ ನೋಡೀರಿ,” ಎಂದಳು. “ಇನ್ನೊಂದ್ ಸಲ ನೋಡ್ರಿ.”

ಅವಳಿಗೆ ಗೊತ್ತಿತ್ತು ಅತ್ತೆಮ್ಮ. ನಾನು ಮಡಿಸಿಟ್ಟದ್ದು ಅವಳು ಮಡಿಸಿದ ಹಾಗಿರಲಿಲ್ಲವೇನೋ. ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬರುತ್ತಿತ್ತು. ಇಬ್ಬರೂ ಏಳಲಿಲ್ಲ.

“ಇನ್ನೊಂದ್ ಮಾತು,” ಎಂದಳು. “ತಪ್ಪಾದವರ ಪಟ್ಟ್ಯಾಗ ನೀವೂ ಅದೀರಿ. ಸಾರ್ ಕಳಿಸ್ಯಾರ. ನಿಮ್ಮದನ್ನೂ ನಾ ಸುಳ್ಳ ಮಾಡೀನೇನು?”

“ನಾನಾ? ಒಂದ್ ಪದಾನೂ ತಪ್ಪಿಲ್ಲ ನಾನು.”

“ಕೇಳ್ರಿ ಹಂಗಾರ.”

ಇಯರ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ನನ್ನ ದನಿ ನನಗೇ ಬೇರೆಯವರದ್ದರಂತೆ ಕೇಳಿತು, ಸ್ವಲ್ಪ ನಿಮ್ಮ ಹಾಗೆ. ಮನೆ. ನೀರು. ಕೊಡಲಿ. ಚೆನ್ನಾಗಿಯೇ ಓದಿದ್ದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದಳು. ಎರಡನೆಯ ಹಾಳೆಯ ನಡುವೆ ಬೆರಳು ನಿಂತಿತು. ಅಲ್ಲಿ ಅಚ್ಚಾಗಿದ್ದದ್ದು ಹಾಲು. ಕಿವಿಯಲ್ಲಿ ನನ್ನ ದನಿ ಸ್ವಲ್ಪವೂ ತಡವರಿಸದೆ “ಬಿಳೇದು” ಎಂದು ಹೇಳಿ ಮುಂದಕ್ಕೆ ಹೋಯಿತು.

ನಿಮ್ಮ ಪಾದದ ಮೇಲೆ ಕೈಯಿಟ್ಟು ಹೇಳುತ್ತೇನೆ, ನನಗೆ ಗೊತ್ತೇ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆನೆಂದೇ ತಿಳಿದಿದ್ದೆ. ಕಣ್ಣು ಒಂದನ್ನು ನೋಡಿದೆ, ಬಾಯಿ ಇನ್ನೊಂದನ್ನು ಹೇಳಿದೆ, ನಡುವೆ ನನ್ನನ್ನು ಯಾರೂ ಕೇಳಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದವಳು ನನ್ನ ಬಾಯಿಯನ್ನು ಅನುಮಾನಿಸಿರಲಿಲ್ಲ.

“ಬಿಳೇದು ಅನ್ನೂದು ನಿಮ್ಮೂರ ಕಡಿ ಮಾತು ಅಂತ ತಿಳಕೊಂಡಿದ್ದೆ ನಾನು,” ಎಂದಳು ಸುಧಾ. ಅವಳಿಗೆ ಮಾವನವರ ಹೆಸರಿನ ಕಥೆಯನ್ನು ಯಾರೂ ಹೇಳಿರಲಿಲ್ಲ. ಹಾಳೆಯ ಮೇಲಿನ ಆ ಪದವನ್ನು ತೋರಿಸುತ್ತ ನಾನು ಹೇಳಿದೆ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

“ಕುರುಗೋಡಿನಾಕಿದು ಯಾರದಾರ ಹಾಕು,” ಎಂದೆ.

ಈರಮ್ಮ ಎಂಬಾಕೆಯದು ಹಾಕಿದಳು. ಗಟ್ಟಿ ದನಿ. ಒಂದೊಂದು ಪದದ ಮೊದಲಿಗೆ ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಒತ್ತಿ ಓದುತ್ತಿದ್ದಳು. ‘ಗಾಳಿ’ ಎಂಬಲ್ಲಿ ಮಾತ್ರ ದನಿ ಗಂಟಲಿಗೆ ಇಳಿದು, ಮೊದಲ ಅರ್ಧ ನುಂಗಿ ಹೋಗಿ, ಬಾಲವಷ್ಟೇ ಕೇಳಿಸಿತು.

“ಈಕಿ ಗಂಡನ ಹೆಸರೇನು?”

“ಅದನ್ನ ನಾ ಯಾಕ ಕೇಳ್ಲಿ ಅತ್ತಿ? ವಯಸ್ಸು, ಊರು, ಮನಿಮಾತು, ಅಷ್ಟ ಕೇಳು ಅಂದಾರ.”

“ಕೇಳಬೇಕಿತ್ತು.”

ಮರುದಿನ ನಾನೇ ಅವಳ ಜೊತೆ ಕುರುಗೋಡಿಗೆ ಹೊರಟೆ. ನಿಮ್ಮ ಮಗ “ಈ ಬಿಸಲಾಗ ನಿನಗ್ಯಾಕ ಬೇಕು?” ಎಂದರು. ಕೊಡೆ ತೆಗೆದುಕೊಂಡು ಇಳಿದೆ. ಒಂದು ಕಾರಣ ಹೆಸರು ತಿಳಿಯುವುದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈರಮ್ಮ ಎನ್ನುವವಳು ನಿಜವಾಗಿ ಇದ್ದಾಳೋ ಇಲ್ಲವೋ ಎಂದು ಕಣ್ಣಾರೆ ನೋಡಬೇಕಿತ್ತು. ಅಂಟಿದ ಗುಣ ಒಂದು ದಿನದಲ್ಲಿ ಹೋಗುತ್ತದೆಯೇ?

ಇದ್ದಳು. ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಕೂತು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

“ಬಾ ಸುಧವ್ವ. ಮತ್ತ ಓದಸ್ತಿಯೇನು? ಅವತ್ತಿನಿಂದ ಇನ್ನೊಂದ್ ಹಲ್ಲು ಬಿದ್ದೈತಿ ನಂದು. ಈ ಸಲ ದನಿಗೆ ಕಿಟಕಿ ಜಾಸ್ತಿ.”

ನಾನು ನನ್ನ ಪರಿಚಯ ಹೇಳಿ, ನೀರು ಕುಡಿದು, ಕೇಳಿದೆ: “ನಿಮ್ಮ ಮನಿಯವರ ಹೆಸರೇನವ್ವ?”

ಸೆರಗನ್ನು ಬಾಯಿಗೆ ತಂದುಕೊಂಡಳು. “ಹಿರೇರು ಕಾಣ್ತೀರಿ. ಹಿಂಗ ಕೇಳಬಹುದೇನ್ರಿ?”

“ಕೇಳಾಕ ಕಾರಣ ಐತಿ. ನಿಮ್ಮ ಸುಧವ್ವನ ಮ್ಯಾಲೆ ಅಪವಾದ ಬಂದೈತಿ.”

ಈರಮ್ಮ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಮೆಣಸಿನಕಾಯಿಯ ರಾಶಿಯ ಮೇಲೆ ಉಫ್ ಎಂದು ಊದಿದಳು. ಬೀಜ, ತೊಟ್ಟು, ಘಾಟು ಎಲ್ಲ ನಮ್ಮ ಮುಖಕ್ಕೇ ಬಂತು.

“ಈಗ ಬಾಯಿಂದ ಏನ್ ಬಿಟ್ಟೆ? ಅದಕ್ಕ ಅಪ್ಪ ಅಂತ ಸೇರಸ್ರಿ.”

“ಗಾಳೆಪ್ಪ,” ಎಂದಳು ಸುಧಾ, ಸೀನುತ್ತ.

ಒಳಗಿನಿಂದ ಕೆಮ್ಮು ಕೇಳಿತು. “ಯಾರವರು, ನನ್ನ ಹೆಸರ ಹಿಡಿದು ಕರಿಯೋರು?”

“ಯಾರೂ ಇಲ್ಲ, ಮಕ್ಕೋರಿ,” ಎಂದು ಒಳಗೆ ಕೂಗಿ ಈರಮ್ಮ ನಮ್ಮ ಕಡೆ ತಿರುಗಿದಳು. “ಅವತ್ತೂ ಹಿಂಗ ಒಳಗ ಮಕ್ಕೊಂಡಿದ್ರು. ಓದಲಿಲ್ಲಂದ್ರ ಈಕಿಗೆ ಸಿಟ್ಟು, ಓದಿದ್ರ ಅವರಿಗೆ ಸಿಟ್ಟು. ಅರ್ಧ ನುಂಗಿ ಅರ್ಧ ಉಗುಳಿದೆ. ಅದು ತಪ್ಪಾತೇನು?”

ಹಿಂದಿರುಗುವಾಗ ಬಸ್ಸಿನಲ್ಲಿ ಸುಧಾ ಸಾರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಏನು ಗೊತ್ತೇ? ರೆಕಾರ್ಡಿಂಗ್ ನಿಮ್ಮ ಹತ್ತಿರವೇ ಇದೆ, ತಪ್ಪಿದ ಪದ ನೋಡಿಕೊಂಡು ಅದಕ್ಕೆ ಹೊಂದುವ ಗಂಡನ ಹೆಸರು ಕಟ್ಟುವುದು ಯಾರಿಗಾದರೂ ಆಗುತ್ತದೆ, ಎಂದರು. ಸುಧಾಳ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ಆ ಮನುಷ್ಯನ ಮೇಲೆ ಮೊದಲ ಸಲ ಮರ್ಯಾದೆ ಬಂತು. ನಮ್ಮ ಮನೆಯಲ್ಲಿ ಹುಟ್ಟಬೇಕಾದವನು. ಫೋನು ಕಸಿದುಕೊಂಡೆ.

“ನಾ ಸುಧಾನ ಅತ್ತಿ ಮಾತಾಡೋದು. ನಮ್ಮ ಮಾತು ನಂಬಬ್ಯಾಡ್ರಿ. ನಾವು ನಾಳೆ ಸಿರುಗುಪ್ಪಕ್ಕ ಹೋಗ್ತೀವಿ. ಫೋನಿನಾಗ ಮುಖ ಕಾಣೂವಂಗ ಮಾಡಿಕೊಂಡು ನೀವೂ ಜೊತೀಗೆ ಬರ್ರಿ. ಓಣಿ ನೀವ ಆರಿಸ್ರಿ, ಮನಿ ನೀವ ಆರಿಸ್ರಿ, ಪದಾನೂ ನೀವ ಆರಿಸ್ರಿ.”

ಒಪ್ಪಿದರು.

ಸಿರುಗುಪ್ಪದಲ್ಲಿ ನಾನು ಓದಿದ ಶಾಲೆಯ ಹಿಂದಿನ ಬೀದಿಗಳೆಲ್ಲ ಬದಲಾಗಿವೆ, ಗುರುತೇ ಸಿಗಲಿಲ್ಲ. ಸುಧಾ ಫೋನನ್ನು ಎದೆಯ ಮುಂದೆ ಹಿಡಿದು ನಡೆದಳು. ಸಾರ್ ಅದರೊಳಗಿನಿಂದ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ದಾರಿಯವರು ನಮ್ಮನ್ನು ಜನಗಣತಿಯವರೆಂದು ತಿಳಿದರು. ಕೊನೆಗೆ ಒಂದು ಹೊಲಿಗೆ ಅಂಗಡಿಯ ಮುಂದೆ “ನಿಲ್ಲಿ” ಎಂದರು. ಬಾಗಿಲ ಮೇಲೆ ‘ಚಾಂದ್ ಟೈಲರ್ಸ್’ ಎಂಬ ಬೋರ್ಡು. ಒಳಗೆ ಗಂಡ ಮೆಷಿನ್ನು ತುಳಿಯುತ್ತಿದ್ದ, ಹೆಂಡತಿ ಕೆಳಗೆ ಕೂತು ಗುಂಡಿ ಹಚ್ಚುತ್ತಿದ್ದಳು. ಗಂಡನ ಹೆಸರನ್ನು ನಾವು ಹೇಳಬೇಕಾಗಲೇ ಇಲ್ಲ, ಬೋರ್ಡನ್ನು ಸಾರ್ ತಾವೇ ಓದಿಕೊಂಡರು. ಆಕೆಗೆ ಸುಧಾ ಉರ್ದುವಿನಲ್ಲಿ ಇಷ್ಟೇ ಹೇಳಿದಳು: ಇವರು ಒಂದೊಂದೇ ಪದ ಹೇಳುತ್ತಾರೆ, ಕೇಳಿಸಿಕೊಂಡು ನೀವೂ ಹೇಳಿ.

ಸಾರ್ ಶುರು ಮಾಡಿದರು. ಪಾನಿ. ಆಕೆ “ಪಾನಿ” ಎಂದಳು. ರೋಟಿ. “ರೋಟಿ.” ದರ್ವಾಜಾ. “ದರ್ವಾಜಾ.” ಆಟವಾಡುವ ಹುಡುಗಿಯ ಹಾಗೆ ಹೇಳುತ್ತಿದ್ದಳು. ಚಾಂದ್.

ಸೂಜಿ ನಿಂತಿತು. ಆಕೆ ಸಾರ್ ಮುಖ ನೋಡಿದಳು, ನಮ್ಮ ಮುಖ ನೋಡಿದಳು, ಗಂಡನ ಕಡೆ ಮಾತ್ರ ನೋಡಲಿಲ್ಲ.

“ವೋ ನಕ್ಕೋ ಸಾಬ್,” ಎಂದಳು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅದೊಂದು ಬ್ಯಾಡಂತ ಹೇಳ್ರಿ ಅಮ್ಮ. ಬೇರೇದು ಎಷ್ಟ ಬೇಕಾದ್ರೂ ಅಂತೀನಿ.”

ಮೆಷಿನ್ನಿನ ಸದ್ದೂ ನಿಂತಿತ್ತು. ಚಾಂದ್ ಬಾಷಾ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ಫೋನಿನೊಳಗಿನಿಂದ ಸಾರ್ ಮೆಲ್ಲಗೆ ಹೇಳಿದರು: “ನಾವು ಪದದೊಳಗೇ ಹುಡುಕ್ತಾ ಇದ್ವಿ. ಸ್ವರ ಉದ್ದವೋ ಗಿಡ್ಡವೋ, ಮುಂದೆ ಯಾವ ಅಕ್ಷರ, ಹಿಂದೆ ಯಾವ ಅಕ್ಷರ. ಕಂಪ್ಯೂಟರೂ ಅಲ್ಲೇ ಹುಡುಕ್ತಾ ಇತ್ತು. ಹೇಳುವವರು ಯಾರ ಮನೆಯವರು ಅಂತ ನಾವು ಕೇಳಿರಲೇ ಇಲ್ಲ. ಸುಧಾ, ನನ್ನದು ತಪ್ಪಾಯ್ತು.”

“ಈಗ ಕೇಳ್ರಿ ಮತ್ತ,” ಎಂದೆ ನಾನು. “ಪದ ಓದಸೂಕಿಂತ ಮೊದಲ, ಯಾವುದನ್ನ ನೀವು ಅನ್ನಂಗಿಲ್ಲ ಅಂತ ಕೇಳ್ರಿ. ಆ ಪದ ಬಿಟ್ಟು ಓದಸ್ರಿ.”

ಹಾಗೇ ಮಾಡುತ್ತೇವೆ ಎಂದರು, ಮಾಡಿಯೂ ಮಾಡಿದರು. ಹೊಸ ಹಾಳೆಯಲ್ಲಿ ಆ ಪ್ರಶ್ನೆ ಮೊದಲಿಗೇ ಇದೆ, ನಾನು ಓದಿ ನೋಡಿದ್ದೇನೆ. ಮಹಾರಾಯ ಅಷ್ಟಕ್ಕೆ ಬಿಡಲಿಲ್ಲ. “ಅಮ್ಮ, ಹೋಲಿಸಿ ನೋಡೋಕೆ ನಿಮ್ಮ ಆ ಒಂದು ಪದ ಒಂದೇ ಒಂದು ಸಲ ಹೇಳ್ತೀರಾ? ಬರೀ ಪದ ಅಲ್ವಾ?” ಎಂದು ಕೇಳಿದರು.

“ನಿಮಗ ಪದ. ನಮಗ ಮನಿ ಹಿರೇರು,” ಎಂದೆ.

ಸುಧಾಳ ಕೆಲಸ ಉಳಿಯಿತು. ಸುಳ್ಳು ಎಂದು ಎಲ್ಲಿಯೂ ಬರೆಯಲಿಲ್ಲ. ಸಾರ್ ಅವಳಿಗೆ ತಪ್ಪಾಯಿತು ಎಂದರು. ನಾನು ಅನ್ನಲಿಲ್ಲ. ಸೊಸೆಯ ಮುಂದೆ ತಪ್ಪಾಯಿತು ಎನ್ನುವುದನ್ನು ನೀವು ನನಗೆ ಕಲಿಸಿರಲಿಲ್ಲ, ನನ್ನ ಮುಂದೆ ನೀವೂ ಎಂದೂ ಅಂದವರಲ್ಲ. ಅವಳೂ ಕೇಳಲಿಲ್ಲ. ಆದರೆ ಆ ದಿನದಿಂದ ಚೀಲವನ್ನು ಒಳಗೆ ಇಡುವುದನ್ನು ಬಿಟ್ಟು ಪಡಸಾಲೆಯ ಗೂಟಕ್ಕೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ತೂಗುಹಾಕಲು ಶುರು ಮಾಡಿದಳು. ನಾನು ಅದರ ಮುಂದೆ ದಿನಕ್ಕೆ ಹತ್ತು ಸಲ ಓಡಾಡಬೇಕು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೊನ್ನೆ ಸಂಜೆ ಇಬ್ಬರೂ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಕೇಳಿದಳು: “ಅತ್ತಿ, ನಿಮ್ಮ ಅತ್ತೆಮ್ಮನರ ಒಂದ್ ಸಲಾನಾರ ಅಂದಿದ್ರೇನ್ರಿ, ಆ ಹೆಸರು?”

ಇದನ್ನು ಮೊದಲೂ ಕೆಲವರು ಕೇಳಿದ್ದಾರೆ, ಹುಡುಗಾಟಕ್ಕೆ. ಎಲ್ಲರಿಗೂ ನಾನು ಹೇಳುತ್ತ ಬಂದದ್ದು ಒಂದೇ ಉತ್ತರ: ಸಾಯೋತನಕ ಇಲ್ಲ. ಬಾಯಿಗೆ ಅದೇ ಬಂತು. ಆದರೆ ಮೊರದ ಆ ಕಡೆ ಕೂತವಳ ಮುಖ ನೋಡಿದೆ. ಈ ಮನೆಯ ಬಾಯಿಕಟ್ಟಿನಿಂದ ಕಳ್ಳಿ ಎನಿಸಿಕೊಳ್ಳಲಿದ್ದವಳು. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಹೇಳಿಬಿಟ್ಟೆ. ನಿಮಗೂ ಗೊತ್ತಿರಲಿಕ್ಕಿಲ್ಲ, ನಿಮಗೆ ಆಗ ಎಚ್ಚರವಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಆಸ್ಪತ್ರೆಯಲ್ಲಿ ನಿಮ್ಮ ಕೊನೆಯ ಮಧ್ಯಾಹ್ನ. ನಿಮ್ಮ ಮಗ ಮಾತ್ರೆ ತರಲು ಕೆಳಗೆ ಹೋಗಿದ್ದರು. ನೀವು ಕಣ್ಣು ತೆರೆದಿರಿ, ನನ್ನನ್ನು ನೋಡಲಿಲ್ಲ, ನನ್ನ ಆಚೆ ನೋಡಿದಿರಿ. ಆಮೇಲೆ ಕರೆದಿರಿ, “ಹಾಲಪ್ಪಾ” ಎಂದು. ನಾನು ಮೊದಲು ಮಾಡಿದ ಕೆಲಸವೆಂದರೆ ಎದ್ದು ಬಾಗಿಲು ಮುಚ್ಚಿದ್ದು. ನಿಮ್ಮ ಮಾನ ಕಾಯಬೇಕಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನೀವು ಕರೆಯುತ್ತಲೇ ಇದ್ದಿರಿ.

ನಮ್ಮವರು ಪದದ ಮೊದಲ ತುಣುಕಿನ ಮೇಲೆ ಭಾರ ಹಾಕುತ್ತಾರೆ ಎಂದು ಆ ಕಂಪ್ಯೂಟರು ಹೇಳುತ್ತದಂತೆ. ನೀವು ಹಾಕಲಿಲ್ಲ. ಮೊದಲದ್ದನ್ನು ಹಗುರಾಗಿ ಮುಟ್ಟಿ ಬಿಟ್ಟಿರಿ, ಕೊನೆಯದನ್ನು ಹಿಡಿದು ಎಳೆದಿರಿ. ಹೊಲದ ಬದುವಿನ ಮೇಲೆ ಮುಂದೆ ಮುಂದೆ ಹೋಗುತ್ತಿರುವವರನ್ನು ಹಿಂದಿನಿಂದ ಬರುವವರು ನಿಲ್ಲಿಸುವಾಗ ಎಳೆಯುತ್ತಾರಲ್ಲ, ಹಾಗೆ. ಹುಡುಗಿಯ ದನಿ ಅದು. ಅದರಲ್ಲಿ ಹೆದರಿಕೆ ಇರಲಿಲ್ಲ, ನಾಚಿಕೆ ಇರಲಿಲ್ಲ, ಎಡವಿದ್ದಿರಲಿಲ್ಲ. ಎಷ್ಟು ಸಲೀಸಾಗಿ ಬಂತು ಎಂದರೆ... ನನಗೆ ಅನುಮಾನ ಅತ್ತೆಮ್ಮ. ಎಂದೂ ಅನ್ನದವರ ಬಾಯಿಗೆ ಒಂದು ಹೆಸರು ಹಾಗೆ ಒಗ್ಗುತ್ತದೆಯೇ? ನಾವು ಯಾರೂ ಇಲ್ಲದಾಗ, ಹೊಲದಲ್ಲಿ, ಕಾಲುವೆಯ ದಂಡೆಯಲ್ಲಿ, ನೀವು ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದಿರೇನು? ಒಲೆಯ ಮೇಲಿನದು ಉಕ್ಕಿ ಚೆಲ್ಲುತ್ತಿದ್ದರೂ ನನ್ನ ಬಾಯಿ ಕಟ್ಟಿಸಿದ ನೀವು...

ಉತ್ತರ ನಾನು ಅಲ್ಲಿಗೆ ಬಂದ ಮೇಲೆ ಕೇಳುತ್ತೇನೆ. ತಪ್ಪಿಸಿಕೊಳ್ಳಬೇಡಿ.

ಸುಧಾ ಎಲ್ಲ ಕೇಳಿ ನಗಲಿಲ್ಲ. ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. “ಇದನ್ನ ನಾ ಯಾವ ಹಾಳ್ಯಾಗೂ ಬರಿಯಂಗಿಲ್ರಿ,” ಎಂದಳು. ಅಷ್ಟೇ. ಮರುದಿನ ಬೆಳಿಗ್ಗೆ ಗೂಟದ ಮೇಲೆ ಚೀಲ ಇರಲಿಲ್ಲ, ಒಳಗೆ ಅವಳ ಕೋಣೆಗೆ ಹೋಗಿತ್ತು.

ಇದು ನಿಮ್ಮ ಮಗನಿಗೆ ಗೊತ್ತಿಲ್ಲ, ಮೊಮ್ಮಗನಿಗೆ ಗೊತ್ತಿಲ್ಲ. ನೀವು ಮಾವನವರನ್ನು ಹೇಗೆ ಕರೆದಿರಿ ಎಂದು ತಿಳಿದವಳು ನಾನೊಬ್ಬಳೇ ಇದ್ದೆ. ಈಗ ಇಬ್ಬರಿದ್ದೇವೆ. ನಾನು ಹೋದ ಮೇಲೆ ಅವಳೊಬ್ಬಳೇ. ಅವಳು ಯಾರಿಗೂ ಹೇಳುವುದಿಲ್ಲ. ನಂಬಿದ್ದೇನೆ.

ನಿಮ್ಮ ಸೊಸೆ,
ಗಿರಿಜಾ